ಸೋತ ಎತ್ತಿನ ಬಾಲ

ಗೆದ್ದೆತ್ತಿನ ಬಾಲ ಹಿಡಿಯುವವರ ಬಗ್ಗೆ ನಮ್ಮಲ್ಲಿ ಮಾತೇ ಇದೆ. ಓಟ ಮುಗಿಯುವ ತನಕ ದೂರ ನಿಂತಿದ್ದು, ಯಾವ ಎತ್ತು ಗೆದ್ದಿತೆಂದು ಗೊತ್ತಾದ ಮೇಲೆ ಅದರ ಬಾಲ ಹಿಡಿದು ಊರೊಳಗೆ ಮೆರೆಯುವ ಜಾಣರು ಎಲ್ಲ ಕಾಲದಲ್ಲೂ ಇರುತ್ತಾರೆ. ಅವರನ್ನು ಕಂಡು ನಗುವುದು ಸುಲಭ. ಆದರೆ ಸೋತ ಎತ್ತಿನ ಬಾಲ ಹಿಡಿದವರನ್ನು ಏನೆನ್ನಬೇಕು? ಹೋದ ವರ್ಷ ಸೋತಿತ್ತು, ಈ ವರ್ಷವೂ ಸೋತಿತು, ಬರುವ ವರ್ಷ ಗೆದ್ದೀತೆಂಬ ಭರವಸೆಯೂ ಇಲ್ಲ. ಆದರೂ ‘ಇದು ನಮ್ಮದು’ ಎಂದು ಬಾಲ ಬಿಡದವರನ್ನು? ಅವರಿಗಾಗಿ ಒಂದು ಮಾತು ಇದ್ದಂತೆ ಕಾಣೆ. ಅವರು ಹೆಡ್ಡರೋ ಸಜ್ಜನರೋ ಎಂಬ ತೀರ್ಮಾನವನ್ನು ಹಿರಿಯರು ನಮಗೇ ಬಿಟ್ಟುಬಿಟ್ಟಿದ್ದಾರೆ.

ಈ ಪ್ರಶ್ನೆ ನನ್ನ ತಲೆ ಹೊಕ್ಕಿದ್ದು ಅಮೆರಿಕದ ಸಣ್ಣ ಕಾಲೇಜುಗಳ ಫುಟ್‌ಬಾಲಿನಿಂದ. ಕನ್ನಡ ಶಾಲೆಯ ಮೇಡಮ್ಮಿಗೂ ಆ ಆಟಕ್ಕೂ ಎತ್ತಣ ಸಂಬಂಧ ಎಂದು ನೀವು ಕೇಳಬಹುದು. ನನ್ನ ಅಕ್ಕ ಮೂವತ್ತು ವರ್ಷಕ್ಕೂ ಮೇಲಾಗಿ ಓಹಾಯೋ ರಾಜ್ಯದಲ್ಲಿದ್ದಾಳೆ. ಅವಳ ಮಗ ಅಲ್ಲಿಯೇ ಒಂದು ಸಣ್ಣ ಕಾಲೇಜಿನಲ್ಲಿ ಪದವಿ ಪಡೆದವನು. ಅವನಿಂದಾಗಿ ನನಗೆ ಈ ಲೋಕದ ಪರಿಚಯವಾಯಿತು.

ಅಲ್ಲಿಯ ಫುಟ್‌ಬಾಲ್ ನಮ್ಮ ಹುಡುಗರು ಕಾಲಿನಲ್ಲಿ ಒದ್ದಾಡುವ ಆಟವಲ್ಲ. ಚೆಂಡು ದುಂಡಗಿರುವುದಿಲ್ಲ, ಎರಡೂ ತುದಿ ಚೂಪಾಗಿರುತ್ತದೆ. ಅದನ್ನು ಹೆಚ್ಚಾಗಿ ಕೈಯಲ್ಲಿ ಹಿಡಿದು ಓಡುತ್ತಾರೆ, ಎಸೆಯುತ್ತಾರೆ. ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೊತ್ತಬೇಕು. ಇಲ್ಲದಿದ್ದರೆ ಚೆಂಡು ಎದುರಾಳಿಯ ಪಾಲು. ಮುಂದೊತ್ತುವವರನ್ನು ತಡೆಯುವವರು ಮೈಮೇಲೆ ಬಿದ್ದೇ ತಡೆಯುತ್ತಾರೆ. ತಲೆಗೆ ಹೆಲ್ಮೆಟ್, ಭುಜಕ್ಕೆ ದಪ್ಪನೆಯ ಪ್ಯಾಡು.

ಈ ಆಟದಲ್ಲಿ ಕಾಲೇಜುಗಳ ನಡುವೆ ಆನೆ ಆಡಿನ ಅಂತರವಿದೆ. ಕೊಲಂಬಸ್ ನಗರದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಕ್ರೀಡಾಂಗಣದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನ ಕೂರಬಹುದು. ಟಿ.ವಿ.ಯವರು ಅಂಥ ಆಟಗಳಿಗೆ ಸುರಿಯುವ ಹಣಕ್ಕೆ ಲೆಕ್ಕವಿಲ್ಲ. 2021ರಿಂದ ಆಟಗಾರರು ತಮ್ಮ ಹೆಸರು, ಮುಖಗಳನ್ನು ಜಾಹೀರಾತಿಗೆ ಕೊಟ್ಟು ಸಂಪಾದಿಸಬಹುದಾಯಿತು. 2025ರ ಒಂದು ನ್ಯಾಯಾಲಯದ ಒಪ್ಪಂದದ ಮೇಲೆ ಕಾಲೇಜುಗಳೇ ನೇರವಾಗಿ ಹಣ ಕೊಡುವಂತಾಯಿತು. ಇನ್ನೊಂದು ತುದಿಯಲ್ಲಿ ‘ಡಿವಿಜನ್ ಥ್ರೀ’ ಎಂಬ ಮೂರನೆಯ ವರ್ಗವಿದೆ. 1973ರಲ್ಲಿ ಏರ್ಪಟ್ಟ ಈ ವರ್ಗದಲ್ಲಿ ಆಟಕ್ಕಾಗಿ ಸ್ಕಾಲರ್‌ಶಿಪ್ ಕೊಡುವಂತಿಲ್ಲ. ಹುಡುಗ ತನ್ನ ಫೀಸು ಕಟ್ಟಿ ಓದುತ್ತಾನೆ, ಸಂಜೆ ಅಭ್ಯಾಸ ಮಾಡುತ್ತಾನೆ, ಶನಿವಾರ ಆಡುತ್ತಾನೆ. ನಾಲ್ಕು ವರ್ಷ ಮುಗಿದ ಮೇಲೆ ಹೆಚ್ಚಿನವರು ಆ ಹೆಲ್ಮೆಟ್ಟನ್ನು ಮತ್ತೆ ಮುಟ್ಟುವುದಿಲ್ಲ. ಇಂಥ ತಂಡಗಳಿರುವ ಕಾಲೇಜುಗಳು ಇನ್ನೂರಕ್ಕೂ ಹೆಚ್ಚು. ಇವುಗಳ ಆಟ ನೋಡಲು ಬರುವವರು ತಂದೆ ತಾಯಿ, ಸಹಪಾಠಿಗಳು, ಊರಿನ ಒಂದಷ್ಟು ಜನ, ಮತ್ತೆ ಹಳೆಯ ವಿದ್ಯಾರ್ಥಿಗಳು.

ವರ್ಷಕ್ಕೊಮ್ಮೆ, ಚಳಿ ಶುರುವಾಗುವ ಹೊತ್ತಿಗೆ, ಹಳೆಯ ವಿದ್ಯಾರ್ಥಿಗಳೆಲ್ಲ ಕಾಲೇಜಿಗೆ ಬಂದು ಸೇರುವ ದಿನವೊಂದುಂಟು. ಅದಕ್ಕೆ ‘ಹೋಮ್‌ಕಮಿಂಗ್’ ಎನ್ನುತ್ತಾರೆ. ತವರಿಗೆ ಬರುವುದು ಎಂದೇ ನಾನು ಅರ್ಥ ಮಾಡಿಕೊಂಡೆ. 2023ರ ದಸರೆಯ ರಜೆಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗ ಅವಳ ಮಗ, “ಚಿಕ್ಕಮ್ಮ, ನೀವೂ ಬನ್ನಿ, ನಮ್ಮ ಕಾಲೇಜು ನೋಡಿದ ಹಾಗಾಗುತ್ತೆ” ಎಂದು ಕರೆದುಕೊಂಡು ಹೋದ. ಮರದ ಹಲಗೆಯ ಮೆಟ್ಟಿಲುಗಳು, ಒಂದು ಕಡೆ ವಿದ್ಯಾರ್ಥಿಗಳ ಬ್ಯಾಂಡು, ಇನ್ನೊಂದು ಕಡೆ ಕಾಫಿ ಮಾರುವ ಮೇಜು. ನನ್ನ ಪಕ್ಕದಲ್ಲಿ ಎಪ್ಪತ್ತು ದಾಟಿದ ಒಬ್ಬರು ಕಾಲೇಜಿನ ಬಣ್ಣದ ಮಫ್ಲರ್ ಸುತ್ತಿಕೊಂಡು ಕುಳಿತಿದ್ದರು. ಅವರ ತಂಡ ಚೆನ್ನಾಗಿಯೇ ಸೋಲುತ್ತಿತ್ತು. ಹತ್ತು ಗಜ ಮುಂದೆ ಹೋದಾಗಲೆಲ್ಲ ಅವರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ನಾನು ತಡೆಯಲಾರದೆ ಕೇಳಿದೆ: ಒಂದು ಗಂಟೆಯ ದಾರಿಯಲ್ಲಿ ದೇಶಕ್ಕೇ ಹೆಸರಾದ ತಂಡವಿದೆಯಲ್ಲ, ಇಷ್ಟು ದೂರ ಇಲ್ಲಿಗೇಕೆ ಬರುತ್ತೀರಿ? ಅವರು ನಕ್ಕು ಹೇಳಿದರು: “ಅಲ್ಲಿ ನಾನು ಹೋಗದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಇಲ್ಲಿ ನಾನು ಬರದಿದ್ದರೆ ಈ ಜಾಗ ಖಾಲಿ ಕಾಣುತ್ತದೆ.”

ಈ ಮಾತು ಬಹಳ ದಿನ ನನ್ನ ಜೊತೆಗಿತ್ತು. ನಾವು ಒಂದನ್ನು ಪ್ರೀತಿಸುವುದು ಅದರ ಗುಣ ನೋಡಿಯೇ? ಹೌದಾದರೆ, ಅದಕ್ಕಿಂತ ಗುಣವುಳ್ಳದ್ದು ಕಂಡಾಗ ನಮ್ಮ ಪ್ರೀತಿ ಅತ್ತ ಹೋಗಬೇಕು. ಒಳ್ಳೆಯ ಅಕ್ಕಿ ಸಿಕ್ಕರೆ ಅಂಗಡಿ ಬದಲಿಸುತ್ತೇವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮಕ್ಕಳನ್ನು ಹಾಗೆ ಬದಲಿಸುವುದಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಹಾಸ್ಯ ಮಾಡುತ್ತೇವೆ. ಆ ಹಾಸ್ಯದೊಳಗೆ ಒಂದು ಸಮಾಧಾನವೂ ಇದೆ. ಹೆಗ್ಗಣವಾಗಿ ಹುಟ್ಟಿದರೂ ಮುದ್ದಿಸುವವರು ಇಬ್ಬರಾದರೂ ಇದ್ದಾರೆಂಬ ಧೈರ್ಯದಲ್ಲೇ ಅಲ್ಲವೆ ನಾವೆಲ್ಲ ಬೆಳೆದದ್ದು? ಮೂವತ್ತು ವರ್ಷ ಪಾಠ ಹೇಳಿದ ಅನುಭವದಿಂದ ಹೇಳುತ್ತೇನೆ: ರ‍್ಯಾಂಕ್ ಬಂದ ಹುಡುಗಿಯನ್ನು ಊರೆಲ್ಲ ಮೆಚ್ಚುತ್ತದೆ. ಮೂರನೆಯ ಸಲ ಪರೀಕ್ಷೆಗೆ ಕಟ್ಟುವವನಿಗೆ ‘ಈ ಸಲ ಬರೆದುಬಿಡು ಮಗೂ’ ಎನ್ನಲು ಯಾರಾದರೂ ಒಬ್ಬರು ಇರಬೇಕಾಗುತ್ತದೆ.

ಸೋಲಿನಲ್ಲಿ ಹೆಸರಾದ ಕಾಲೇಜುಗಳೂ ಇವೆ. ಮಿನಸೋಟಾ ರಾಜ್ಯದ ಮೆಕಾಲೆಸ್ಟರ್ ಕಾಲೇಜು ಓದಿಗೆ ದೊಡ್ಡ ಹೆಸರು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಕೋಫಿ ಅನ್ನಾನ್ 1961ರಲ್ಲಿ ಅಲ್ಲಿಂದಲೇ ಪದವಿ ಪಡೆದರು. ಅದರ ಫುಟ್‌ಬಾಲ್ ತಂಡ 1974ರಿಂದ 1980ರವರೆಗೆ ಒಂದರ ಮೇಲೊಂದರಂತೆ 50 ಪಂದ್ಯಗಳನ್ನು ಸೋತಿತು. ಮೊದಲ ವರ್ಷ ಸೇರಿದ ಹುಡುಗ ಒಂದೂ ಗೆಲುವು ಕಾಣದೆ ಪದವಿ ಮುಗಿಸಿ ಹೊರಟುಹೋದ. ಕೊನೆಗೆ 1980ರ ಸೆಪ್ಟೆಂಬರಿನಲ್ಲಿ ಮೌಂಟ್ ಸಿನಾರಿಯೋ ಎಂಬ ಇನ್ನೊಂದು ಸಣ್ಣ ಕಾಲೇಜಿನ ಎದುರು, ಆಟ ಮುಗಿಯಲು ಕೆಲವೇ ಕ್ಷಣಗಳಿದ್ದಾಗ ಒದ್ದ ಒಂದು ಚೆಂಡಿನಿಂದ, 17-14ರಲ್ಲಿ ಗೆದ್ದಿತು. ಐವತ್ತು ಸೋಲಿನಲ್ಲೂ ಜೊತೆಗಿದ್ದವನಿಗೆ ಆ ಮೂರು ಅಂಕಗಳ ಬೆಲೆ ಎಷ್ಟೆಂದು ಗೆದ್ದೆತ್ತಿನ ಬಾಲ ಹಿಡಿಯುವವರಿಗೆ ತಿಳಿಯಲಾರದು.

ಇಲ್ಲಿಯವರೆಗೆ ಎಲ್ಲ ಚಂದವೇ. ಆದರೆ ನಿಷ್ಠೆಯನ್ನು ಹೀಗೆ ಹೊಗಳುತ್ತ ಹೋದರೆ ಅಪಾಯವಿದೆ. ಹಾರ್ವರ್ಡಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ಜೊಸಾಯ ರಾಯ್ಸ್ ಎಂಬವರು 1908ರಲ್ಲಿ ನಿಷ್ಠೆಯ ಬಗ್ಗೆಯೇ ಒಂದು ಗ್ರಂಥ ಪ್ರಕಟಿಸಿದರು. ನಿಷ್ಠೆಯೇ ದೊಡ್ಡ ಗುಣವೆಂದರೆ ದರೋಡೆಕೋರರ ಗುಂಪಿನಲ್ಲೂ ಅದು ಇರುತ್ತದಲ್ಲ ಎಂಬ ತೊಡಕು ಅವರಿಗೂ ಎದುರಾಯಿತು. ಬೇರೆಯವರ ನಿಷ್ಠೆಯನ್ನು ಮುರಿಯದ, ಲೋಕದಲ್ಲಿ ನಿಷ್ಠೆಯನ್ನು ಹೆಚ್ಚಿಸುವ ನಿಷ್ಠೆಯೇ ಒಳ್ಳೆಯದು ಎಂಬುದು ಅವರು ಕಂಡುಕೊಂಡ ದಾರಿ. ಎದುರು ತಂಡದ ಹುಡುಗ ಬಿದ್ದಾಗಲೂ ಎದ್ದು ಚಪ್ಪಾಳೆ ತಟ್ಟುವ ಸಣ್ಣ ಕಾಲೇಜಿನ ಪ್ರೇಕ್ಷಕರು ಈ ಪರೀಕ್ಷೆಯಲ್ಲಿ ತಕ್ಕಮಟ್ಟಿಗೆ ಪಾಸಾಗುತ್ತಾರೆ.

ನನಗೆ ಕಾಣುವ ತೊಡಕು ಬೇರೆ. ನಮ್ಮ ನಿಷ್ಠೆಯ ಖರ್ಚನ್ನು ಕೊಡುವವರು ಯಾರು? ಮೆಟ್ಟಿಲಿನ ಮೇಲೆ ಕುಳಿತವನಿಗೆ ಹೆಚ್ಚೆಂದರೆ ನೆಗಡಿಯಾದೀತು. ಮೈದಾನದಲ್ಲಿರುವವನು ತಲೆ ಒಡ್ಡಿ ನಿಂತಿದ್ದಾನೆ. 1905ರಲ್ಲೇ ಈ ಆಟದಲ್ಲಿ ಕನಿಷ್ಠ 18 ಹುಡುಗರು ಸತ್ತು, ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ದೊಡ್ಡ ಕಾಲೇಜುಗಳವರನ್ನು ಶ್ವೇತಭವನಕ್ಕೆ ಕರೆಸಿ ಮಾತಾಡಬೇಕಾಯಿತು. ಮರುವರ್ಷ ನಿಯಮಗಳು ಬದಲಾದವು. ಈಗ ಅಂಥ ಸಾವುಗಳು ಕಡಿಮೆ. ಆದರೆ ಹೊರಗೆ ಕಾಣದ ಪೆಟ್ಟಿನ ವಿಷಯ ಈಚೆಗೆ ತಿಳಿಯುತ್ತಿದೆ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟಿನಿಂದ ಮಿದುಳು ನಿಧಾನವಾಗಿ ಕೆಡುವ ಸಿಟಿಇ ಎಂಬ ರೋಗವಿದೆ. ಬಾಸ್ಟನ್ನಿನ ಸಂಶೋಧಕರು 2017ರಲ್ಲಿ, ತೀರಿಹೋದ 202 ಆಟಗಾರರ ಮಿದುಳುಗಳನ್ನು ಪರೀಕ್ಷಿಸಿದ ವರದಿ ಪ್ರಕಟಿಸಿದರು. 177 ಜನರಲ್ಲಿ ಆ ರೋಗದ ಗುರುತಿತ್ತು. ಕಾಲೇಜು ಮಟ್ಟದವರೆಗೆ ಮಾತ್ರ ಆಡಿದ್ದ 53 ಜನರಲ್ಲಿ 48 ಜನರಿಗೆ. ಅನುಮಾನವಿದ್ದ ಮನೆಯವರೇ ಹೆಚ್ಚಾಗಿ ಮಿದುಳು ದಾನ ಮಾಡಿದ್ದರಿಂದ ಎಲ್ಲ ಆಟಗಾರರಿಗೂ ಈ ಲೆಕ್ಕ ಹೊಂದುವುದಿಲ್ಲವೆಂದು ಸಂಶೋಧಕರೇ ಎಚ್ಚರಿಸಿದ್ದಾರೆ. ಆದರೂ 48 ಎಂಬುದು ಸಣ್ಣ ಸಂಖ್ಯೆಯಲ್ಲ.

ಅಕ್ಕನ ಮಗನಿಗೆ ಈಗ ಆರು ವರ್ಷದ ಮಗನಿದ್ದಾನೆ. ಅವನನ್ನು ಈ ಆಟಕ್ಕೆ ಸೇರಿಸುವೆಯೇನಪ್ಪಾ ಎಂದು ಒಂದು ಸಂಜೆ ಕೇಳಿದೆ. “ಇಲ್ಲ ಚಿಕ್ಕಮ್ಮ, ಅವನಿಗೆ ಈಜು ಕಲಿಸುತ್ತೇನೆ” ಎಂದ, ಒಂದು ಕ್ಷಣವೂ ಯೋಚಿಸದೆ. ಹಾಗೆಂದು ಅವನು ಕಾಲೇಜಿನ ಪಂದ್ಯಗಳನ್ನು ತಪ್ಪಿಸುವುದಿಲ್ಲ. ತನ್ನ ಮಗನಿಗೆ ಬೇಡವೆನಿಸಿದ್ದನ್ನು ಇನ್ನೊಬ್ಬರ ಮಗ ಮಾಡುವಾಗ ಚಪ್ಪಾಳೆ ತಟ್ಟಬಹುದೆ? ಇದು ಅವನೊಬ್ಬನ ಮುಂದಿರುವ ಪ್ರಶ್ನೆಯಲ್ಲ. ಗಡಿಯಲ್ಲಿ ನಿಂತ ಸೈನಿಕನಿಂದ ಹಿಡಿದು ಚರಂಡಿಗೆ ಇಳಿದ ಕೂಲಿಯವನವರೆಗೆ, ನಮ್ಮ ಮಕ್ಕಳಿಗೆ ಬೇಡವೆನಿಸಿದ್ದನ್ನು ಬೇರೆಯವರ ಮಕ್ಕಳಿಂದ ಮಾಡಿಸಿಕೊಂಡೇ ನಾವೆಲ್ಲ ಬದುಕುತ್ತಿದ್ದೇವೆ. ಆದರೆ ಗಡಿಯೂ ಚರಂಡಿಯೂ ಲೋಕಕ್ಕೆ ಬೇಕೇ ಬೇಕು. ಆಟ ಬೇಕೇ ಬೇಕೆಂದು ಅಷ್ಟು ಗಟ್ಟಿಯಾಗಿ ಹೇಳಲಾಗದು.

ಬೇಡವೆಂದ ಕಾಲೇಜುಗಳೂ ಇವೆ. ನಮ್ಮ ಎ. ಕೆ. ರಾಮಾನುಜನ್ 1962ರಿಂದ 1993ರಲ್ಲಿ ತೀರಿಕೊಳ್ಳುವವರೆಗೆ ಪಾಠ ಹೇಳಿದ ಶಿಕಾಗೊ ವಿಶ್ವವಿದ್ಯಾಲಯ ಒಂದು ಕಾಲಕ್ಕೆ ಫುಟ್‌ಬಾಲಿನ ದೈತ್ಯನಾಗಿತ್ತು. ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆಂದು 1935ರಲ್ಲಿ ಮೊದಲ ಸಲ ಕೊಟ್ಟ ಟ್ರೋಫಿ ಹೋದದ್ದು ಅಲ್ಲಿಯ ವಿದ್ಯಾರ್ಥಿ ಜೇ ಬರ್ವಾಂಗರ್‌ಗೆ. ನಾಲ್ಕೇ ವರ್ಷದಲ್ಲಿ, 1939ರಲ್ಲಿ, ಅದೇ ತಂಡ ಮಿಶಿಗನ್ ಎದುರು 85-0 ಅಂತರದಲ್ಲಿ ಸೋತಿತು. ಆ ವರ್ಷದ ಕೊನೆಗೆ ಅಧ್ಯಕ್ಷ ರಾಬರ್ಟ್ ಹಚಿನ್ಸ್ ತಂಡವನ್ನೇ ನಿಲ್ಲಿಸಿಬಿಟ್ಟರು. ವಿಶ್ವವಿದ್ಯಾಲಯ ಇರುವುದು ಓದಿಗೆ ಎಂಬುದು ಅವರ ನಿಲುವು. ಬರಿದಾದ ಕ್ರೀಡಾಂಗಣದ ಮೆಟ್ಟಿಲುಗಳ ಅಡಿಯಲ್ಲಿ 1942ರ ಡಿಸೆಂಬರ್ 2ರಂದು ಎನ್ರಿಕೊ ಫರ್ಮಿ ಮತ್ತು ಸಂಗಡಿಗರು ಲೋಕದ ಮೊದಲ ಪರಮಾಣು ಸ್ಥಾವರವನ್ನು ನಡೆಸಿ ತೋರಿಸಿದರು. ಫುಟ್‌ಬಾಲ್ ತಂಡ ಮತ್ತೆ ಹುಟ್ಟಿದ್ದು 1969ರಲ್ಲಿ. ಇಂದು ಅದೂ ಮೂರನೆಯ ವರ್ಗದ, ಹಣವಿಲ್ಲದ ತಂಡ. ಪೆನ್ಸಿಲ್ವೇನಿಯದ ಸ್ವಾರ್ತ್‌ಮೋರ್ ಕಾಲೇಜು 1878ರಿಂದ ಆಡುತ್ತಿದ್ದ ತಂಡವನ್ನು 2000ದ ಡಿಸೆಂಬರಿನಲ್ಲಿ ನಿಲ್ಲಿಸಿತು. ಅಷ್ಟು ಚಿಕ್ಕ ಕಾಲೇಜಿನಲ್ಲಿ ಒಂದು ಫುಟ್‌ಬಾಲ್ ತಂಡ ಕಟ್ಟಬೇಕೆಂದರೆ ಪ್ರವೇಶದ ಎಷ್ಟೋ ಸೀಟುಗಳನ್ನು ಆಟಗಾರರಿಗೇ ಕೊಡಬೇಕಾಗುತ್ತಿತ್ತು. ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಸಿಟ್ಟಾದರು, ನೊಂದರು.

ಅವರ ನೋವು ನನಗೆ ಅರ್ಥವಾಗುತ್ತದೆ. ತವರುಮನೆಯನ್ನು ಮಾರಿದರೆಂದು ಕೇಳಿದ ಹೆಣ್ಣುಮಗಳ ನೋವು ಅದು. ಅಲ್ಲಿ ಇನ್ನು ತನಗೆ ಪಾಲಿಲ್ಲವೆಂದು ಗೊತ್ತಿದ್ದರೂ, ಹೋಗಿ ಕೂರಲು ಒಂದು ಜಗಲಿ ಇದೆ ಎಂಬುದೇ ಅವಳ ಆಸ್ತಿಯಾಗಿರುತ್ತದೆ. ಆದರೆ ತವರಿನ ಮೇಲೆ ನಿಜವಾದ ಅಕ್ಕರೆ ಇರುವವಳು ಇನ್ನೊಂದನ್ನೂ ಕೇಳುತ್ತಾಳೆ: ಆ ಮನೆಯಲ್ಲಿ ಈಗ ಇರುವವರು ಹೇಗಿದ್ದಾರೆ? ಸೂರು ಸೋರುತ್ತಿರುವಾಗ ತನ್ನ ನೆನಪಿಗಾಗಿ ಅವರು ಅಲ್ಲೇ ಇರಲಿ ಎಂದು ಹಟ ಹಿಡಿದರೆ ಅವಳ ಪ್ರೀತಿ ಯಾರ ಮೇಲಿದೆ?

ನಿಲ್ಲಿಸುವುದೊಂದೇ ದಾರಿಯೆಂದು ನಾನು ಹೇಳುವುದಿಲ್ಲ. ಮಿನಸೋಟಾದಲ್ಲೇ ಇರುವ ಸೇಂಟ್ ಜಾನ್ಸ್ ಎಂಬ ಸಣ್ಣ ಕಾಲೇಜಿನಲ್ಲಿ 1953ರಿಂದ 2012ರವರೆಗೆ ತರಬೇತಿ ಕೊಟ್ಟವರು ಜಾನ್ ಗಾಲ್ಯಾರ್ಡಿ. ಅಭ್ಯಾಸದ ಹೊತ್ತಿನಲ್ಲಿ ಹುಡುಗರು ಒಬ್ಬರ ಮೇಲೊಬ್ಬರು ಬಿದ್ದು ಕೆಡಹುವುದನ್ನು ಅವರು ಬಿಡಿಸಿಬಿಟ್ಟಿದ್ದರು. ಪೆಟ್ಟು ತಿನ್ನುವುದಿದ್ದರೆ ಪಂದ್ಯದಲ್ಲಷ್ಟೇ ಸಾಕು. ಹೀಗೆ ಕಲಿಸಿಯೇ ಅವರು ಒಟ್ಟು 489 ಪಂದ್ಯ ಗೆಲ್ಲಿಸಿದರು. ಕಾಲೇಜು ಫುಟ್‌ಬಾಲಿನ ತರಬೇತುದಾರರಲ್ಲಿ ಅಷ್ಟು ಗೆದ್ದವರು ಬೇರೊಬ್ಬರಿಲ್ಲ. 2018ರಲ್ಲಿ ಅವರು ತೀರಿಕೊಂಡರು. ಹುಡುಗರ ತಲೆ ಕಾಯ್ದರೆ ಆಟ ಕೆಡುತ್ತದೆ ಎನ್ನುವವರಿಗೆ ಅವರ ಲೆಕ್ಕವೇ ಉತ್ತರ.

ಗೆಲ್ಲುವ ತಂಡದ ಅಭಿಮಾನಿಗೆ ಇಂಥ ಪ್ರಶ್ನೆಗಳು ಕಷ್ಟ. ಗೆಲುವು ಹೋದರೆ ಅವನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಸೋಲುವ ತಂಡವನ್ನು ಹಚ್ಚಿಕೊಂಡವನು ಗೆಲುವಿಲ್ಲದೆ ಪ್ರೀತಿಸುವುದನ್ನು ಆಗಲೇ ಕಲಿತಿದ್ದಾನೆ. ಅವನು ಬರುವುದು ಆ ಹುಡುಗರಿಗಾಗಿ ಎನ್ನುವುದಾದರೆ, ನಿಯಮ ಬದಲಾದರೂ, ಆಟದ ಅಬ್ಬರ ತಗ್ಗಿದರೂ, ಒಂದು ದಿನ ಆಟವೇ ನಿಂತರೂ ಅವನ ಪ್ರೀತಿಗೆ ನಷ್ಟವಿಲ್ಲ. ಕಾಲೇಜಿಗೆ ಪತ್ರ ಬರೆದು ‘ನಮ್ಮ ಹುಡುಗರ ತಲೆಗೆ ಏನು ರಕ್ಷಣೆ ಇದೆ’ ಎಂದು ಕೇಳುವ ಹಕ್ಕು ಅವನಿಗೆ ಉಳಿದೆಲ್ಲರಿಗಿಂತ ಹೆಚ್ಚು, ಏಕೆಂದರೆ ಅವನು ಸೋತಾಗ ಬಿಟ್ಟುಹೋದವನಲ್ಲ.

ಸೋತ ಎತ್ತಿನ ಬಾಲ ಹಿಡಿದವರನ್ನು ಹೆಡ್ಡರೆನ್ನಲು ನನಗೆ ಮನಸ್ಸಿಲ್ಲ. ಲೋಕದಲ್ಲಿ ಅಂಥವರು ಇನ್ನಷ್ಟು ಇದ್ದರೆ ಒಳ್ಳೆಯದು. ಆದರೆ ಅಷ್ಟು ಹತ್ತಿರದಲ್ಲಿ ಇರುವವರು ಬಾಲವನ್ನಷ್ಟೇ ಹಿಡಿದು ನಿಂತರೆ ಸಾಲದು. ಆಗಾಗ ಮುಂದೆ ಹೋಗಿ, ನೊಗ ಹೊತ್ತ ಹೆಗಲ ಮೇಲೆ ಗಾಯವಾಗಿದೆಯೇ ಎಂದು ಕೈಯಾಡಿಸಿ ನೋಡಬೇಕು.