ಮೊದಲ ಬೇಟೆ, ಕೊನೆಯ ಬಾಣ



ಖಾನಾಪುರದಲ್ಲಿ ಶಿವಾನುಭವ ಗೋಷ್ಠಿ ಮುಗಿದ ಒಂದು ಸಂಜೆ ಬೆಳಗಾವಿಯ ಭಕ್ತರೊಬ್ಬರು ನಮ್ಮನ್ನು ಕಾಣಲು ಬಂದರು. ನಮ್ಮ ಪ್ರಸಾದ ನಿಲಯದಲ್ಲಿ ಓದಿ, ಈಗ ಉದ್ಯಮಬಾಗದಲ್ಲಿ ಫೌಂಡ್ರಿ ನಡೆಸುತ್ತಿರುವವರು. ದಕ್ಷಿಣ ಆಫ್ರಿಕದಲ್ಲಿರುವ ಗೆಳೆಯರು ಅವರನ್ನು ಬಿಲ್ಲುಬೇಟೆಗೆ ಕರೆದಿದ್ದರು. ಆರು ತಿಂಗಳು ಗುರಿಹಲಗೆಯ ಮೇಲೆ ಅಭ್ಯಾಸ ಮಾಡಿದ್ದರು. ಜೀವವುಳ್ಳ ಗುರಿ ಇದೇ ಮೊದಲು. ಪ್ರಯಾಣಕ್ಕೆ ಆಶೀರ್ವಾದ ಬೇಡಿದರು. ನಾವು ಸುಮ್ಮನಿದ್ದುದನ್ನು ಕಂಡು, “ಅಪ್ಪಾರ, ಅಲ್ಲಿ ಕಾಯ್ದೆ ಅಡ್ಡಿ ಇಲ್ರಿ. ಬ್ಯಾಡರ ಕಣ್ಣಪ್ಪನೂ ಬ್ಯಾಟಿ ಆಡಿದಾವನ ಅಲ್ಲೇನ್ರಿ? ಆ ಕಥಿ ನಮಗ ಹೇಳಿದವರು ನೀವ” ಎಂದರು.

ಮಾತು ದಿಟ. ಆ ಕಥೆಯ ಬೇಟೆಯನ್ನು ಬಣ್ಣಿಸಿ ಮಕ್ಕಳನ್ನು ರಂಜಿಸಿದವರು ನಾವೇ. ಆದುದರಿಂದ ಉತ್ತರದ ಹೊಣೆಯೂ ನಮ್ಮದೇ.

ಕಾನೂನು ಒಂದು ಮಾತು, ಧರ್ಮ ಇನ್ನೊಂದು. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯು ಕೊಲ್ಲುವುದನ್ನಷ್ಟೇ ಅಲ್ಲ, ಕೊಲ್ಲುವ ಯತ್ನವನ್ನೂ ಬೇಟೆಯೆಂದೇ ಎಣಿಸುತ್ತದೆ. ಇದೇ ಖಾನಾಪುರ ತಾಲೂಕಿನ ಭೀಮಗಡದ ಕಾಡು 2011ರಲ್ಲಿ ಅಭಯಾರಣ್ಯವಾಯಿತು. ಭೀಮಗಡದಲ್ಲಿ ಅಪರಾಧವಾದುದು ಆಫ್ರಿಕದ ಬಯಲಿನಲ್ಲಿ ಅಪರಾಧವಲ್ಲದಿರಬಹುದು. ಆದರೆ ಪ್ರಾಣಿಯ ನೋವಿಗೆ ದೇಶದ ಗಡಿ ತಿಳಿಯದು.

ಬೇಟೆಯ ಪಕ್ಷದಲ್ಲಿ ಹೇಳುವ ಮಾತುಗಳಿಲ್ಲದೆ ಇಲ್ಲ. ಬೇಟೆಗಾರರು ತೆರುವ ಹಣದಿಂದ ಅಲ್ಲಿಯ ಕಾಡು ಉಳಿಯುತ್ತದೆ ಎನ್ನುವವರಿದ್ದಾರೆ. ಅದನ್ನು ಪೂರ್ತಿ ಸುಳ್ಳೆಂದು ನಾವು ತಳ್ಳಿಹಾಕುವುದಿಲ್ಲ. ಕಾಳಿದಾಸನ ಶಾಕುಂತಲದಲ್ಲಿ ಸೇನಾಪತಿಯು, ಚಲಿಸುವ ಗುರಿಯನ್ನು ಹೊಡೆಯುವುದೇ ಬಿಲ್ಲುಗಾರನ ಉತ್ಕರ್ಷವೆಂದು ಬೇಟೆಯನ್ನು ಹೊಗಳುತ್ತಾನೆ. ಆದರೆ ಅದೇ ನಾಟಕದ ಮೊದಲ ಅಂಕದಲ್ಲಿ, ಆಶ್ರಮದ ಜಿಂಕೆಯನ್ನು ಕೊಲ್ಲಬೇಡವೆಂದು ತಪಸ್ವಿಯು ತಡೆದಾಗ ದುಷ್ಯಂತನು ಹೂಡಿದ ಬಾಣವನ್ನು ಹಿಂದೆಗೆದುಕೊಳ್ಳುತ್ತಾನೆ. ಕೈಯ ಬಲ ಬಾಣ ಬಿಡುವುದರಲ್ಲಿ ಕಾಣುತ್ತದೆ. ಮನಸ್ಸಿನ ಬಲ ಹಿಂದೆಗೆಯುವುದರಲ್ಲಿ.

ಕಲಿಯುವವನು ತಪ್ಪುವುದು ಸಹಜ. ಫೌಂಡ್ರಿಯಲ್ಲಿ ಹೊಸಬನು ತಪ್ಪಿದರೆ ಎರಕ ಕೆಡುತ್ತದೆ, ಮತ್ತೆ ಕರಗಿಸಬಹುದು. ಬೇಟೆಯಲ್ಲಿ ಹೊಸಬನು ತಪ್ಪಿದರೆ ಆ ತಪ್ಪು ಬೇರೊಂದು ದೇಹದಲ್ಲಿ ನೆಟ್ಟುಕೊಳ್ಳುತ್ತದೆ. ಬಾಣ ಕೊಲ್ಲುವುದು ರಕ್ತ ಹರಿಸಿ. ಹೃದಯಕ್ಕೋ ಶ್ವಾಸಕೋಶಕ್ಕೋ ನಾಟದೆ ತುಸು ಅತ್ತಿತ್ತಾದರೆ ಪ್ರಾಣಿ ಗಂಟೆಗಟ್ಟಲೆ ನರಳುತ್ತದೆ. 2015ರ ಜುಲೈನಲ್ಲಿ ಜಿಂಬಾಬ್ವೆಯ ಹ್ವಾಂಗೆ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಸಿಸಿಲ್ ಎಂಬ ಸಿಂಹವು ಬಾಣದಿಂದ ಗಾಯಗೊಂಡು ಎಷ್ಟೋ ಹೊತ್ತಿನ ಮೇಲೆ ಸತ್ತಿತು. ಅದನ್ನು ಹೊಡೆದವನು ನುರಿತ ಬಿಲ್ಲುಗಾರ. ನುರಿತವನದೇ ಹಾಗಾದರೆ ಹೊಸಬನ ಗತಿಯೇನು?

ಇನ್ನು ಕಣ್ಣಪ್ಪ. ಪೆರಿಯಪುರಾಣದ ಪ್ರಕಾರ, ತಿಣ್ಣನೆಂಬ ತರುಣನು ಬೇಡರ ನಾಯಕನಾಗಿ ಮೊದಲ ಬೇಟೆಗೆ ಹೊರಟು, ತಪ್ಪಿಸಿಕೊಂಡ ಹಂದಿಯ ಬೆನ್ನುಹತ್ತಿ ಕೊಂದ ದಿನವೇ ಕಾಳಹಸ್ತಿಯ ಲಿಂಗವನ್ನು ಕಂಡನು. ಬೇಟೆ ಅವನ ಕುಲದ ಬದುಕು, ಹೊಟ್ಟೆಯ ಅನ್ನ, ವಿನೋದವಲ್ಲ. ಆ ಬದುಕನ್ನು ಹೀನವೆಂದು ಎಣಿಸುವ ಅಧಿಕಾರ ಮಾಂಸ ಮುಟ್ಟದ ನಮಗೂ ಇಲ್ಲ. ಆದರೆ ಕಥೆ ಹಂದಿಯ ಬಳಿ ನಿಲ್ಲುವುದಿಲ್ಲ. ಲಿಂಗದ ಕಣ್ಣಲ್ಲಿ ರಕ್ತ ಸುರಿದಾಗ ಅವನು ಬಾಣವನ್ನು ತನ್ನ ಕಣ್ಣಿಗೇ ಇಟ್ಟನು. ಶರಣರು ಪುರಾತನರ ಸಾಲಿನಲ್ಲಿ ಅವನನ್ನು ನೆನೆಯುವುದು ಮೊದಲ ಬೇಟೆಗಾಗಿ ಅಲ್ಲ, ಈ ಕೊನೆಯ ಬಾಣಕ್ಕಾಗಿ. ಇನ್ನೊಬ್ಬರ ನೋವನ್ನು ಕಂಡು ತನ್ನ ದೇಹವನ್ನೇ ಕೊಟ್ಟವನು ಅವನು. ನಾವು ಮಕ್ಕಳಿಗೆ ಕಥೆ ಹೇಳುವಾಗ ಒತ್ತಿ ಹೇಳಬೇಕಾಗಿದ್ದುದು ಇದನ್ನೇ.

ಆ ಭಕ್ತರಿಗೆ ಹೇಳಿದೆವು: “ತಮ್ಮಾ, ಹಣ ನೀನು ಕೊಡುವಿ, ಪ್ರಾಣ ಕೊಡುವುದು ಯಾರು? ನಿನ್ನ ಆನಂದದ ಬೆಲೆಯನ್ನು ನೀನೇ ತೆರುವುದಾದರೆ ಕಣ್ಣಪ್ಪನ ಹೆಸರು ಹೇಳು. ಇಲ್ಲವಾದರೆ ಅವನನ್ನು ಸಾಕ್ಷಿಗೆ ಕರೆಯಬೇಡ.” ಪ್ರಯಾಣಕ್ಕೆ ವಿಭೂತಿ ಕೊಟ್ಟೆವು, ಬೇಟೆಗೆ ಆಶೀರ್ವಾದ ಕೊಡಲಿಲ್ಲ. ಅವರು ನಮಸ್ಕರಿಸಿ, ಏನೂ ಹೇಳದೆ ಬೆಳಗಾವಿಗೆ ಮರಳಿದರು. ಹೋದರೋ ಬಿಟ್ಟರೋ ನಾವು ಕೇಳಿಲ್ಲ.

ಬಂಧುಗಳೆ, ಬಿಲ್ಲು ಹಿಡಿಯದವರ ಕೈಯಲ್ಲೂ ಬಾಣಗಳಿವೆ. ನಮ್ಮ ಸುಖಕ್ಕೆ, ನಮ್ಮ ಕಲಿಕೆಗೆ, ನಮ್ಮ ಹೆಮ್ಮೆಗೆ ಯಾರ ದೇಹ ಬೆಲೆ ತೆರುತ್ತಿದೆಯೆಂದು ಹೆದೆಯೇರಿಸುವ ಮೊದಲು ಕೇಳಿಕೊಳ್ಳೋಣ. ಬಸವಣ್ಣನವರು ಧರ್ಮವನ್ನು ದಯೆಯ ಮೇಲೆ ನಿಲ್ಲಿಸಿದುದರ ಅರ್ಥ ಆ ಒಂದು ಪ್ರಶ್ನೆಯಲ್ಲಿದೆ.