ಕೊಳಗ ಯಾರ ಮನೆಯದು?

ಸಾಹುಕಾರನ ಮನೆಯಲ್ಲಿ ಎರಡು ಕೊಳಗ ಇರುತ್ತಿದ್ದವು. ಕೊಡುವಾಗ ಸಣ್ಣದು, ಅಳೆಸಿಕೊಳ್ಳುವಾಗ ದೊಡ್ಡದು. ನಮ್ಮ ತಾತಂದಿರಿಗೆ ಇದು ಗೊತ್ತಿತ್ತು. ಆದರೆ ‘ಬುದ್ಧೀ, ಆ ಕೊಳಗ ಒಂದ್ಸಲ ಇತ್ತಾಗೆ ಕೊಡಿ, ನೋಡ್ತೀವಿ’ ಎಂದು ಕೇಳುವ ಧೈರ್ಯವಿರಲಿಲ್ಲ. ಕೇಳಿದವನಿಗೆ ಮಾರನೇ ದಿನ ಕೂಲಿಯಿರಲಿಲ್ಲ. ಮನುಷ್ಯನ ಬುದ್ಧಿಯನ್ನು ಅಳೆದು ಹೇಳುತ್ತೇವೆ ಎಂದು ಹೊರಟವರ ಕಥೆ ಓದುವಾಗಲೆಲ್ಲ ನಮಗೆ ಆ ಕೊಳಗವೇ ನೆನಪಾಗುತ್ತದೆ.

1969ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಜೆನ್ಸನ್ ಹಾರ್ವರ್ಡ್‌ನ ಶಿಕ್ಷಣ ಪತ್ರಿಕೆಯಲ್ಲಿ ಒಂದು ಉದ್ದನೆಯ ಲೇಖನ ಬರೆದ. ಬುದ್ಧಿ ಬಹುಪಾಲು ಹುಟ್ಟಿನಿಂದ ಬರುವಂಥದು, ಕಪ್ಪು ಮಕ್ಕಳು ಪರೀಕ್ಷೆಯಲ್ಲಿ ಹಿಂದೆ ಬೀಳುವುದಕ್ಕೂ ಅದು ಕಾರಣವಿರಬಹುದು ಎಂದ. 1971ರಲ್ಲಿ ಹಾರ್ವರ್ಡ್‌ನ ರಿಚರ್ಡ್ ಹರ್ನ್‌ಸ್ಟೈನ್ ಈ ವಾದವನ್ನು ವರ್ಗಕ್ಕೂ ಚಾಚಿದ. ಬುದ್ಧಿ ವಂಶದ್ದಾದರೆ, ಬುದ್ಧಿಯಿಂದಲೇ ಸ್ಥಾನಮಾನ ಸಿಗುವುದಾದರೆ, ಬಡವ ಬಲ್ಲಿದ ಎಂಬುದೂ ರಕ್ತದ ಮಾತೇ ಆಗುತ್ತದೆ. ಮುಂದೆ ನಿರುದ್ಯೋಗವೂ ಹುಳುಕು ಹಲ್ಲಿನ ಹಾಗೆ ಮನೆತನದಲ್ಲಿ ಹರಿದು ಬರಬಹುದು ಎಂಬರ್ಥದ ಮಾತು ಬರೆದ. ಇದರಲ್ಲಿ ನಮಗೆ ಹೊಸದೇನಿದೆ? ಪೂರ್ವಜನ್ಮದ ಕರ್ಮ ಕೋಟು ಹಾಕಿಕೊಂಡು ಬಂದಿದೆ, ಅಷ್ಟೆ. ‘ಹಟ್ಟಿ ಹೈಕಳ ತಲೆಗೆ ಲೆಕ್ಕ ಹತ್ತಾಕಿಲ್ಲ ಬಿಡ್ರಿ’ ಎಂಬ ಮಾತು ಕೇಳಿಯೇ ನಾವು ದೊಡ್ಡವರಾದದ್ದು. ಜಾತಿ ಜನಾಂಗವಲ್ಲ, ನಿಜ. ಆದರೆ ಎರಡೂ ಕೊಳಗ ಒಂದೇ ಕುಲುಮೆಯಲ್ಲಿ ಕಾದವು.

ಇದು ಬರೀ ಕಾಗದದ ಮಾತಾಗಿರಲಿಲ್ಲ. ಕ್ಯಾಲಿಫೋರ್ನಿಯಾದ ಶಾಲೆಗಳಲ್ಲಿ 1968-69ರಲ್ಲಿ ಕಪ್ಪು ಮಕ್ಕಳು ನೂರಕ್ಕೆ 9. ‘ಮಂದಬುದ್ಧಿ’ಯವರೆಂದು ಬೇರೆ ಕೂರಿಸಿದ ತರಗತಿಗಳಲ್ಲಿ ಅವರೇ ನೂರಕ್ಕೆ 27. ಕಳಿಸಿದ್ದು ಇದೇ ಬುದ್ಧಿ ಪರೀಕ್ಷೆಯ ಅಂಕ. ಹೆತ್ತವರು ಕೋರ್ಟಿಗೆ ಹೋದರು. ಹಾಗೆ ಕಳಿಸಲು ಆ ಪರೀಕ್ಷೆ ಬಳಸಕೂಡದೆಂದು 1979ರಲ್ಲಿ ತೀರ್ಪು ಬಂತು.

ಅದಕ್ಕೂ ಮೊದಲೇ ವಿದ್ಯಾರ್ಥಿಗಳು ಎದ್ದಿದ್ದರು. ಬರ್ಕ್ಲಿಯಲ್ಲಿ ಜೆನ್ಸನ್‌ನನ್ನು ಕೆಲಸದಿಂದ ತೆಗೆಯಿರೆಂದು ಕೂಗಿದರು. ಹಾರ್ವರ್ಡ್‌ನಲ್ಲಿ ಕರಪತ್ರ ಹಂಚಿದರು, ಹರ್ನ್‌ಸ್ಟೈನ್‌ನ ತರಗತಿಗೇ ನುಗ್ಗಿ ಪ್ರಶ್ನೆ ಹಾಕಿದರು. 1973ರ ಮೇ ತಿಂಗಳಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ, ಬಾಬಾಸಾಹೇಬರು ಓದಿದ ಅದೇ ಸಂಸ್ಥೆಯಲ್ಲಿ, ಜೆನ್ಸನ್ ಪರ ಬರೆದಿದ್ದ ಹ್ಯಾನ್ಸ್ ಐಸೆಂಕ್ ಮಾತಾಡಲು ನಿಂತಾಗ ಕೆಲವರು ವೇದಿಕೆಗೆ ಹತ್ತಿ ಹೊಡೆದರು. ಕನ್ನಡಕ ಒಡೆಯಿತು. ಈ ಐಸೆಂಕ್ ಹಿಟ್ಲರನ ಜರ್ಮನಿಯನ್ನು ಬಿಟ್ಟು ಬಂದವನು.

ಗೆಳೆಯರೆ, ಆ ಏಟಿಗೆ ನಾವು ಚಪ್ಪಾಳೆ ತಟ್ಟಬೇಕೆ? ಹೊಟ್ಟೆಯೊಳಗಿನ ಸಿಟ್ಟು ಹೌದು ಅನ್ನುತ್ತದೆ. ಅದನ್ನು ಮುಚ್ಚಿಡುವುದು ಬೇಡ. ಆದರೆ ಬಾಯಿಗೆ ಬೀಗ ಹಾಕುವುದು ಶತಮಾನಗಳ ಕಾಲ ನಮಗೆ ಮಾಡಿದ ಕೆಲಸ. ಅಕ್ಷರ ಕೇಳಿದ ಕಿವಿಗೆ ಕಾದ ಸೀಸ ಹುಯ್ಯಬೇಕೆಂದ ಶಾಸ್ತ್ರದ ವಿರುದ್ಧ ನಿಂತವರು ನಾವು. ಮೇಲಾಗಿ ಕನ್ನಡಕ ಒಡೆಯಿತೇ ಹೊರತು ಕೊಳಗ ಒಡೆಯಲಿಲ್ಲ.

ಕೊಳಗದ ತಳ ತೋರಿಸಿದ್ದು ಇನ್ನೊಂದು ಬಗೆಯ ಕೆಲಸ. 1972ರಲ್ಲಿ ಪ್ರಿನ್ಸ್‌ಟನ್‌ನ ಮೇಷ್ಟ್ರು ಲಿಯಾನ್ ಕೇಮಿನ್‌ಗೆ ಅವರ ವಿದ್ಯಾರ್ಥಿಯೊಬ್ಬರು ಸಿರಿಲ್ ಬರ್ಟ್ ಬರೆದದ್ದನ್ನು ಓದಿ ನೋಡಿ ಎಂದರು. ಈ ಬರ್ಟ್ ಬ್ರಿಟನ್ನಿನಲ್ಲಿ ಸರ್ ಪದವಿ ಪಡೆದ ಪಂಡಿತ. ಜೆನ್ಸನ್ ಊರಿಕೊಂಡ ಕಂಬಗಳಲ್ಲಿ ದೊಡ್ಡದು. ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಬುದ್ಧಿ ಎಷ್ಟು ಹೋಲುತ್ತದೆಂದು ಅವನು ಲೆಕ್ಕ ಕೊಟ್ಟಿದ್ದ. 1955ರಲ್ಲಿ 21 ಜೋಡಿ, 1966ರಲ್ಲಿ 53 ಜೋಡಿ. ಎರಡು ಸಲವೂ ಅದೇ 0.771. ರಾಗಿ ಎರಡೂವರೆ ಪಟ್ಟಾದರೂ ಕೊಳಗದಲ್ಲಿ ಒಂದು ಕಾಳೂ ಹೆಚ್ಚುಕಮ್ಮಿಯಿಲ್ಲವೆಂದರೆ ಯಾವ ಒಕ್ಕಲಿಗ ನಂಬಿಯಾನು? ಆ ಅಂಕಿಗಳು ಕೆಲಸಕ್ಕೆ ಬಾರದವೆಂದು 1974ರಲ್ಲಿ ಜೆನ್ಸನ್ ಕೂಡ ಒಪ್ಪಬೇಕಾಯಿತು.

ಹಾಗಂತ ‘ಓದಿದರೆ ಸಾಕು, ಬೀದಿಗೆ ಬರಬೇಡಿ’ ಎನ್ನುವ ಬುದ್ಧಿವಾದವನ್ನು ನಾವು ಒಪ್ಪುವುದಿಲ್ಲ. ಕೂಗು ಕೊಳಗವನ್ನು ಬೀದಿಗೆ ಎಳೆದು ತರಬೇಕು. ಓದು ಅದನ್ನು ಬೋರಲು ಹಾಕಿ ತೋರಿಸಬೇಕು. ಅಳತೆಗೆ ಒಳಗಾದವನಿಗೆ ಅಳತೆಗೋಲನ್ನು ಅಳೆಯುವ ಹಕ್ಕಿದೆ.

1970ರಲ್ಲೇ ರಿಚರ್ಡ್ ಲೆವೊಂಟಿನ್ ಎಂಬ ಜೀವವಿಜ್ಞಾನಿ ಜೆನ್ಸನ್‌ಗೆ ಉತ್ತರ ಕೊಟ್ಟಿದ್ದ. ಒಂದೇ ಚೀಲದ ಬೀಜವನ್ನು ಎರಡು ಪಾಲು ಮಾಡಿ, ಒಂದಕ್ಕೆ ಸಾರ ಕೊಟ್ಟು ಇನ್ನೊಂದಕ್ಕೆ ತಪ್ಪಿಸಿ ಬೆಳೆಸಿ ಎಂದ. ಒಂದೊಂದು ಪಾಲಿನೊಳಗೆ ಗಿಡಗಿಡಕ್ಕೆ ಇರುವ ವ್ಯತ್ಯಾಸ ಬೀಜದ್ದಿರಬಹುದು. ಪಾಲುಪಾಲಿನ ನಡುವಿನ ವ್ಯತ್ಯಾಸ ಮಾತ್ರ ಪೂರ್ತಿ ಮಣ್ಣಿನದು. ಇದನ್ನು ತಿಳಿಯಲು ನಮ್ಮ ಅವ್ವಂದಿರು ಕಾಲೇಜಿಗೆ ಹೋಗಬೇಕಿರಲಿಲ್ಲ.

ಇಷ್ಟಾದರೂ ವಾದ ಸಾಯಲಿಲ್ಲ. 1994ರಲ್ಲಿ ಅದೇ ಹರ್ನ್‌ಸ್ಟೈನ್ ಮತ್ತು ಚಾರ್ಲ್ಸ್ ಮರ್ರೆ ಸೇರಿ ಬರೆದ ‘ದಿ ಬೆಲ್ ಕರ್ವ್’ ಆಗಿ ಮತ್ತೆ ಬಂತು. ಒಂದು ಕೊಳಗ ಒಡೆದರೆ ಇನ್ನೊಂದು ಬರುತ್ತದೆ. ನಾಳೆ ಮೋಸವಿಲ್ಲದ ಕೊಳಗವನ್ನೇ ಯಾರಾದರೂ ತಂದರೆ ಏನು ಹೇಳುತ್ತೇವೆ? ನಮ್ಮ ಮರ್ಯಾದೆ ಆ ಅಂಕಿಗಾಗಿ ಕಾದು ಕೂರಬೇಕೆ?

ಈ ಪ್ರಶ್ನೆಗೆ ಬಾಬಾಸಾಹೇಬರು 1936ರ ‘ಜಾತಿ ವಿನಾಶ’ದಲ್ಲೇ ಉತ್ತರ ಬರೆದಿಟ್ಟಿದ್ದಾರೆ. ವಂಶ, ಪರಿಸರ, ಸ್ವಂತ ದುಡಿಮೆ ಈ ಮೂರರಲ್ಲೂ ಮನುಷ್ಯರು ಸಮವಲ್ಲ ಎಂದು ಅವರು ಒಪ್ಪಿಕೊಂಡೇ ಮುಂದೆ ಹೋಗುತ್ತಾರೆ. ಸಮವಲ್ಲ ಎಂಬ ಕಾರಣಕ್ಕೆ ಅಸಮವಾಗಿ ನಡೆಸಿಕೊಳ್ಳಬೇಕೇ ಎಂಬುದು ಅವರ ಪ್ರಶ್ನೆ. ಸಮಾನತೆ ಯಾರೋ ಅಳೆದು ಕಂಡುಹಿಡಿದ ಫಲಿತಾಂಶವಲ್ಲ. ಅದು ನಾವು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುವ ಮಾತು. ಕೆರೆಯ ನೀರು ಕುಡಿಯಲು ಮಾರ್ಕ್ಸ್ ಕಾರ್ಡು ಬೇಕಿಲ್ಲ.

ಹಳ್ಳಿಯ ಮೇಷ್ಟ್ರುಗಳೇ, ಕೊನೇ ಸಾಲಿನ ಮಗು ಲೆಕ್ಕ ತಪ್ಪಿದರೆ ತಿದ್ದಿ, ಬೈಯ್ಯಿರಿ, ಮತ್ತೆ ಮಾಡಿಸಿ. ಆದರೆ ‘ಇದು ನಿಮ್ಮವರಿಗೆ ಹತ್ತೋದಲ್ಲ’ ಎಂಬ ಒಂದು ಮಾತು ಬಾಯಿಗೆ ಬಂದಾಗ ತುಸು ತಡೆಯಿರಿ. ನಿಮ್ಮ ಕೈಯಲ್ಲಿರುವ ಕೊಳಗ ಯಾರ ಮನೆಯದು ಎಂದು ನೋಡಿಕೊಳ್ಳಿ.