ಸಣ್ಣ ಶಾಲೆ ಮತ್ತು ಅಂಕಗಳ ನ್ಯಾಯ

ಓದುಗರೇ, ಎಂಟು ಮಕ್ಕಳಿರುವ ಒಂದು ತರಗತಿಯನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಿ. ಮರುದಿನ ಸರ್ಕಾರದ ಪರೀಕ್ಷೆ. ಏಳು ಮಕ್ಕಳು ತಕ್ಕಮಟ್ಟಿಗೆ ಓದಬಲ್ಲವರು. ಎಂಟನೆಯ ಮಗುವಿಗೆ ಒತ್ತಕ್ಷರಗಳು ಇನ್ನೂ ಕೈಗೂಡಿಲ್ಲ. ಎಲ್ಲರೂ ಕುಳಿತು ಬರೆದರೆ ಶಾಲೆಯ ಫಲಿತಾಂಶ ಶೇಕಡಾ 87.5. ಆ ಒಂದು ಮಗು ಮನೆಯಲ್ಲಿ ಉಳಿದರೆ ಶೇಕಡಾ 100. ಹಿಂದಿನ ಸಂಜೆ ಗುರುಗಳು ಮಗುವಿನ ತಾಯಿಗೆ, “ನಾಳೆ ಕಳಿಸಬೇಡಮ್ಮ, ಸುಮ್ಮನೆ ಹೆದರಿಕೊಳ್ಳುತ್ತಾನೆ” ಎಂದರೆ ಸಾಕು. ಯಾರೂ ಉತ್ತರವನ್ನು ತಿದ್ದಲಿಲ್ಲ, ಯಾರೂ ಸುಳ್ಳು ಲೆಕ್ಕ ಬರೆಯಲಿಲ್ಲ. ಆ ಮಾತಿನಲ್ಲಿ ಕರುಣೆಯ ಧ್ವನಿಯೂ ಇದೆ. ಆದರೂ ಅಲ್ಲಿ ಏನೋ ಒಂದು ತಪ್ಪಿಹೋಯಿತು. ತಪ್ಪಿದ್ದು ಏನು, ಅದರ ಹೊಣೆ ಯಾರದು ಎಂಬುದೇ ಇಲ್ಲಿ ನಾನು ನಿಮ್ಮ ಮುಂದಿಡಬಯಸುವ ಪ್ರಶ್ನೆ.

ಈ ಪ್ರಶ್ನೆ ಹೊಸದೇನೂ ಅಲ್ಲ. ಇಂಗ್ಲೆಂಡಿನಲ್ಲಿ ರಾಬರ್ಟ್ ಲೋ ಎಂಬ ರಾಜಕಾರಣಿ 1862ರಲ್ಲಿ ಜಾರಿಗೆ ತಂದ ನಿಯಮಾವಳಿಯಂತೆ, ಇನ್ಸ್‌ಪೆಕ್ಟರರು ವರ್ಷಕ್ಕೊಮ್ಮೆ ಶಾಲೆಗೆ ಬಂದು ಪ್ರತಿಯೊಂದು ಮಗುವನ್ನೂ ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸುತ್ತಿದ್ದರು. ಒಂದು ವಿಷಯದಲ್ಲಿ ಮಗು ಸೋತರೆ ಶಾಲೆಗೆ ಬರಬೇಕಾದ ಅನುದಾನದಲ್ಲಿ 2 ಶಿಲಿಂಗ್ 8 ಪೆನ್ಸ್ ಖೋತಾ. ಮಗುವಿನ ಅಜ್ಞಾನಕ್ಕೆ ಹೀಗೆ ರೊಕ್ಕದ ಬೆಲೆ ಕಟ್ಟಲಾಯಿತು. ಮಕ್ಕಳು ಪಾಠದ ಪುಸ್ತಕವನ್ನು ಅರ್ಥವರಿಯದೆ ಬಾಯಿಪಾಠ ಮಾಡತೊಡಗಿದರು. ಸ್ವತಃ ಶಾಲಾ ಇನ್ಸ್‌ಪೆಕ್ಟರರಾಗಿದ್ದ ಕವಿ ಮ್ಯಾಥ್ಯೂ ಆರ್ನಲ್ಡ್ ಈ ಕ್ರಮವು ಬೋಧನೆಯನ್ನು ಯಾಂತ್ರಿಕಗೊಳಿಸುತ್ತದೆಂದು ತಮ್ಮ ವರದಿಗಳಲ್ಲಿ ಮೇಲಿಂದ ಮೇಲೆ ಖಂಡಿಸಿದರು. ಅದು ಸಂಪೂರ್ಣವಾಗಿ ತೊಲಗಲು ಶತಮಾನದ ಕೊನೆಯ ದಶಕವೇ ಬರಬೇಕಾಯಿತು.

ಅದೇ ಆಲೋಚನೆ ಬೇರೊಂದು ವೇಷದಲ್ಲಿ ಅಮೆರಿಕದಲ್ಲಿ ಕಾಣಿಸಿಕೊಂಡಿತು. 2002ರ ಜನವರಿಯಲ್ಲಿ ಅಧ್ಯಕ್ಷ ಜಾರ್ಜ್ ಬುಷ್ ಅಂಕಿತ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯಿದೆಯು 3ರಿಂದ 8ನೆಯ ತರಗತಿಯವರೆಗೆ ಪ್ರತಿ ವರ್ಷವೂ ಓದು ಮತ್ತು ಗಣಿತಗಳಲ್ಲಿ ಪರೀಕ್ಷೆಯನ್ನು ಕಡ್ಡಾಯಗೊಳಿಸಿತು. 2014ರ ಹೊತ್ತಿಗೆ ನೂರಕ್ಕೆ ನೂರು ಮಕ್ಕಳೂ ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಬೇಕೆಂದು ವಿಧಿಸಿತು. ಕೇಂದ್ರದ ನೆರವು ಪಡೆಯುವ ಶಾಲೆಯೊಂದು ಸತತ ಎರಡು ವರ್ಷ ಗುರಿ ತಪ್ಪಿದರೆ ‘ಸುಧಾರಣೆ ಬೇಕಾದ ಶಾಲೆ’ ಎಂಬ ಹಣೆಪಟ್ಟಿ. ಸೋಲು ಇನ್ನೂ ಮುಂದುವರಿದರೆ ಸಿಬ್ಬಂದಿಯನ್ನೇ ಬದಲಾಯಿಸುವವರೆಗೂ ಕ್ರಮ.

ಈಗ ಸಣ್ಣ ಶಾಲೆಯ ಕಡೆಗೆ ಹೊರಳೋಣ. ನಮ್ಮ ಬಯಲುಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಒಂದು ಮಳೆಗೆ ತುಂಬುವ ಹೊಂಡ ನಾಲ್ಕು ದಿನದ ಬಿಸಿಲಿಗೆ ಒಣಗುತ್ತದೆ; ದೊಡ್ಡ ಕೆರೆಯ ನೀರು ಅಷ್ಟು ಬೇಗ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಸರಾಸರಿಯ ಸ್ವಭಾವವೂ ಅದೇ. 16 ಮಕ್ಕಳ ಸರಾಸರಿಯು ಕೇವಲ ಅದೃಷ್ಟದ ದೆಸೆಯಿಂದ ಹೊಯ್ದಾಡುವ ಪ್ರಮಾಣವು 400 ಮಕ್ಕಳ ಸರಾಸರಿಗಿಂತ ಐದು ಪಟ್ಟು ಹೆಚ್ಚು. ಥಾಮಸ್ ಕೇನ್ ಮತ್ತು ಡಗ್ಲಸ್ ಸ್ಟೇಗರ್ ಎಂಬ ಅರ್ಥಶಾಸ್ತ್ರಜ್ಞರು ನಾರ್ತ್ ಕ್ಯಾರೊಲಿನಾ ರಾಜ್ಯದ ಅಂಕಗಳನ್ನು ಪರಿಶೀಲಿಸಿ 2002ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದು ಸ್ಪಷ್ಟವಾಗಿದೆ. ಪಟ್ಟಿಯ ತುದಿಯಲ್ಲಿ ಬಹುಮಾನ ಪಡೆದವು ಹೆಚ್ಚಾಗಿ ಸಣ್ಣ ಶಾಲೆಗಳು. ಪಟ್ಟಿಯ ಬುಡಕ್ಕೆ ಬಿದ್ದವುಗಳಲ್ಲಿಯೂ ಸಣ್ಣ ಶಾಲೆಗಳೇ ಹೆಚ್ಚು. ಒಂದು ವರ್ಷ ಸನ್ಮಾನಿತನಾದ ಗುರುವು ಅದೇ ಶ್ರದ್ಧೆಯಿಂದ, ಅದೇ ವಿಧಾನದಿಂದ ಬೋಧಿಸಿಯೂ ಮರುವರ್ಷ ತಲೆತಗ್ಗಿಸಬೇಕಾಗಿ ಬರಬಹುದು. ಊರಿಗೆ ಹೊಸದಾಗಿ ಬಂದ ಇಬ್ಬರು ಮಕ್ಕಳು, ಪರೀಕ್ಷೆಯ ವಾರದಲ್ಲಿ ಹಬ್ಬಿದ ಜ್ವರ, ಇಷ್ಟು ಸಾಕು. ಮಾಡದ ಪುಣ್ಯಕ್ಕೆ ಪ್ರಶಸ್ತಿ, ಮಾಡದ ಪಾಪಕ್ಕೆ ದಂಡನೆ. ಇದನ್ನು ನ್ಯಾಯವೆನ್ನಲಾದೀತೇ?

ಕಾಯಿದೆ ರಚಿಸಿದವರು ಇದನ್ನು ಅರಿಯದವರಾಗಿರಲಿಲ್ಲ. ದುರ್ಬಲರನ್ನು ಮನೆಯಲ್ಲಿ ಉಳಿಸುವ ಉಪಾಯವನ್ನು ತಡೆಯಲು, ಶೇಕಡಾ 95ರಷ್ಟು ಮಕ್ಕಳಾದರೂ ಪರೀಕ್ಷೆಗೆ ಕುಳಿತಿರಲೇಬೇಕೆಂದು ವಿಧಿಸಿದರು. ಬಡವರು, ಅಂಗವಿಕಲರು, ಕಪ್ಪು ಜನಾಂಗದವರು, ಇಂಗ್ಲಿಷ್ ಮನೆಮಾತಲ್ಲದವರು ಹೀಗೆ ಪ್ರತಿಯೊಂದು ಗುಂಪಿನ ಫಲವನ್ನೂ ಬೇರೆಬೇರೆಯಾಗಿ ತೋರಿಸಬೇಕೆಂದರು. ಇದು ದೊಡ್ಡ ಮಾತು. ಅದಕ್ಕೆ ಮೊದಲು ಶಾಲೆಯ ಒಟ್ಟು ಸರಾಸರಿಯ ಮರೆಯಲ್ಲಿ ಈ ಮಕ್ಕಳ ಹಿನ್ನಡೆ ಸುಖವಾಗಿ ಮುಚ್ಚಿಹೋಗುತ್ತಿತ್ತು. ಆದುದರಿಂದ ಪರೀಕ್ಷೆಗಳನ್ನೆಲ್ಲ ಕಿತ್ತೊಗೆಯಬೇಕೆಂಬ ವಾದವನ್ನು ನಾನು ಒಪ್ಪಲಾರೆ. ಅಳೆಯದೆ ಬಿಟ್ಟಾಗ ನಷ್ಟವಾದದ್ದು ಉಳ್ಳವರ ಮಕ್ಕಳಿಗಲ್ಲ.

ಆದರೆ ಗುಂಪು ತೀರ ಚಿಕ್ಕದಾದರೆ ಅದರ ಅಂಕ ನಂಬಲರ್ಹವಲ್ಲವಷ್ಟೆ. ಅದಕ್ಕೊಂದು ಪರಿಹಾರ ಹೂಡಿದರು: ನಿಗದಿಯಾದ ಸಂಖ್ಯೆಗಿಂತ ಕಡಿಮೆಯಿರುವ ಗುಂಪನ್ನು ಬೇರೆಯಾಗಿ ಲೆಕ್ಕಿಸತಕ್ಕದ್ದಲ್ಲ. ಆ ಸಂಖ್ಯೆ ಎಷ್ಟೆಂಬುದನ್ನು ಆಯಾ ರಾಜ್ಯಕ್ಕೆ ಬಿಟ್ಟರು. ಗಣಿತಶಾಸ್ತ್ರದ ದೃಷ್ಟಿಯಿಂದ ಇದು ಸರಿಯೇ. ಆದರೆ ಸಣ್ಣ ಶಾಲೆಯ ನಾಲ್ವರು ಅಂಗವಿಕಲ ಮಕ್ಕಳನ್ನು ನೆನೆಯಿರಿ. ಎಣಿಸಿದರೆ ಅವರು ಶಾಲೆಗೆ ಭಾರ. ಎಣಿಸದಿದ್ದರೆ ಅವರು ಇದ್ದೂ ಇಲ್ಲದವರು. ಯಾವುದು ಹೆಚ್ಚು ಕ್ರೂರವೆಂದು ನೀವೇ ವಿಚಾರಮಾಡಿ. ನನಗಂತೂ ಎರಡನೆಯದೇ ಹೆಚ್ಚು ಎನಿಸುತ್ತದೆ. ಭಾರವಾದುದನ್ನು ಯಾರಾದರೊಬ್ಬರು ಹೊರಲೇಬೇಕಾಗುತ್ತದೆ, ಇಲ್ಲದ್ದನ್ನು ಯಾರೂ ಹೊರುವುದಿಲ್ಲ.

ಹಾಗಾದರೆ ಆ ಗುರುಗಳ ತಪ್ಪೇನು? ಮಗುವನ್ನು ತನ್ನ ಶಾಲೆಯ ಹೆಸರಿಗೆ ಸಾಧನವಾಗಿ ಬಳಸಿದ್ದು. ಮಗು ಹಿಂದುಳಿದಿದ್ದರೆ ಅದು ಮಗುವಿಗಾದ ಕೊರತೆ. ಅಂಕವು ಅದನ್ನು ಶಾಲೆಗಾದ ಕೊರತೆಯನ್ನಾಗಿ ಪರಿವರ್ತಿಸಿತು. ಯಾರಿಗಾಗಿ ಶಾಲೆ ತೆರೆಯಿತೋ ಅವನನ್ನೇ ಬಾಗಿಲ ಹೊರಗೆ ನಿಲ್ಲಿಸಿತು. ಅಟ್ಲಾಂಟಾ ನಗರದಲ್ಲಿ ಇದೇ ಒತ್ತಡ ಪರಾಕಾಷ್ಠೆಗೇರಿದಾಗ ಉಪಾಧ್ಯಾಯರೇ ರಬ್ಬರ್ ಹಿಡಿದು ಮಕ್ಕಳ ಉತ್ತರಗಳನ್ನು ತಿದ್ದಿದರು. 2011ರ ತನಿಖೆಯು 44 ಶಾಲೆಗಳಲ್ಲಿ ಈ ಅಕ್ರಮವನ್ನು ಕಂಡಿತು. 2015ರಲ್ಲಿ 11 ಮಂದಿ ಶಿಕ್ಷಣ ಸಿಬ್ಬಂದಿ ಅಪರಾಧಿಗಳೆನಿಸಿದರು. ಅವರನ್ನು ಸಮರ್ಥಿಸುವುದು ಸಾಧ್ಯವಿಲ್ಲ. ಆದರೆ ತಪ್ಪಿಗೆ ಬಹುಮಾನವನ್ನೂ ಸತ್ಯಕ್ಕೆ ದಂಡವನ್ನೂ ಗೊತ್ತುಮಾಡಿದ ಕೈಗಳು ನ್ಯಾಯಾಲಯದ ಕಟಕಟೆಗೆ ಬರಲಿಲ್ಲವೆಂಬುದನ್ನೂ ಮರೆಯಲಾಗದು.

ನಮ್ಮಲ್ಲಿಯೂ ಮಲೆನಾಡಿನ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಹತ್ತು ಹನ್ನೆರಡು ಮಕ್ಕಳಷ್ಟೇ ಇರುವುದು ಅಪರೂಪವಲ್ಲ. 5 ಮತ್ತು 8ನೆಯ ತರಗತಿಗಳಿಗೆ ರಾಜ್ಯಮಟ್ಟದ ಮೌಲ್ಯಾಂಕನ 2023ರಲ್ಲಿ ಬಂದಾಗ ವಿವಾದವು ಉಚ್ಚ ನ್ಯಾಯಾಲಯಕ್ಕೆ, ಮರುವರ್ಷ ಸರ್ವೋಚ್ಚ ನ್ಯಾಯಾಲಯಕ್ಕೂ ಏರಿತು. ಆ ಚರ್ಚೆ ಬಹುಮಟ್ಟಿಗೆ ಕಾನೂನಿನ ಕ್ರಮವನ್ನು ಕುರಿತದ್ದಾಗಿತ್ತು. ಮಠದ ಪ್ರಸಾದನಿಲಯದಲ್ಲಿ ಓದಿ ಇಂದು ಹಳ್ಳಿಗಳಲ್ಲಿ ಉಪಾಧ್ಯಾಯರಾಗಿರುವ ನಿಮ್ಮಲ್ಲಿ ಅನೇಕರಿಗೆ ಬೇರೆಯ ಪ್ರಶ್ನೆಯೇ ಎದುರಾಗುತ್ತದೆ: ಮೇಲಿನವರು ಶೇಕಡಾವಾರು ಕೇಳಿದಾಗ ಏನು ಬರೆಯುವುದು?

ಮೂರು ವರ್ಷಗಳ ಅಂಕಗಳನ್ನು ಕೂಡಿಸಿ ನೋಡಬೇಕು, ಮಗು ಎಲ್ಲಿಂದ ಎಲ್ಲಿಗೆ ಬಂದಿತೆಂಬುದನ್ನು ಅಳೆಯಬೇಕು ಎಂದು ಬಲ್ಲವರು ಸೂಚಿಸುತ್ತಾರೆ. 2015ರ ಡಿಸೆಂಬರಿನಲ್ಲಿ ಅಮೆರಿಕ ತನ್ನ ಹಳೆಯ ಕಾಯಿದೆಯನ್ನು ಬದಲಿಸಿದಾಗ ವಾರ್ಷಿಕ ಪರೀಕ್ಷೆಗಳನ್ನು ಉಳಿಸಿಕೊಂಡು, ತೂಗುವ ಬಗೆಯನ್ನು ಬಹುಪಾಲು ರಾಜ್ಯಗಳಿಗೆ ಬಿಟ್ಟಿತು. ಇವೆಲ್ಲ ಒಳ್ಳೆಯ ತಿದ್ದುಪಡಿಗಳೇ. ಶಾಲೆಯನ್ನು ಕುರಿತ ತೀರ್ಪು ಇವುಗಳಿಂದ ಸ್ವಲ್ಪ ನೇರವಾಗುತ್ತದೆ. ಎಂಟನೆಯ ಮಗುವಿನ ವಿಷಯ ಬೇರೆ. ಮೂರು ವರ್ಷಗಳ ಸರಾಸರಿ ಸಿದ್ಧವಾಗುವ ಹೊತ್ತಿಗೆ ಅವನು ಆ ಶಾಲೆಯನ್ನು ಬಿಟ್ಟು ಹೋಗಿರುತ್ತಾನೆ. ಯಾವ ಒತ್ತಕ್ಷರ ಅವನ ನಾಲಿಗೆಯಲ್ಲಿ ನಿಲ್ಲುತ್ತಿಲ್ಲವೆಂಬುದು ಅವನ ಗುರುಗಳಿಗೆ ಇಂದೇ ಗೊತ್ತಿದೆ.